ಯುದ್ಧದ ಕಾಲದಲ್ಲಿ ರೇಡಿಯೋ ಹಾಡಿದ್ದು ಯಾಕೆ?

 

ಯುದ್ಧ ಅಂದ ಕೂಡಲೇ ನಮಗೆ ನೆನಪಾಗೋದು ಬಂದೂಕು, ಟ್ಯಾಂಕು, ವಿಮಾನ. ಆದರೆ ಯುದ್ಧದ ಕಾಲದಲ್ಲಿ ಇನ್ನೊಂದು ಸಾಮಾನು ಬೆಳಿಗ್ಗೆಯಿಂದ ರಾತ್ರಿವರೆಗೂ ದುಡಿದಿದೆ. ಅದೇ ರೇಡಿಯೋ. ತಲೆ ಮೇಲೆ ಬಾಂಬು ಬೀಳುತ್ತಿರುವಾಗ ಹಾಡು, ತಮಾಷೆ ಯಾರಿಗೆ ಬೇಕು ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡನೇ ಮಹಾಯುದ್ಧ 1939ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಆಗ ನಮ್ಮ ದೇಶ ಬ್ರಿಟಿಷರ ಕೈಯಲ್ಲಿತ್ತು. ನಮ್ಮನ್ನು ಒಂದು ಮಾತೂ ಕೇಳದೆ ಭಾರತವನ್ನೂ ಯುದ್ಧಕ್ಕೆ ಎಳೆದುಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಸೈನಿಕರ ಸಂಖ್ಯೆ ಸುಮಾರು 25 ಲಕ್ಷ ಆಗಿತ್ತು.

ಬ್ರಿಟನ್ನಿನ ರೇಡಿಯೋ ಸಂಸ್ಥೆಯ ಹೆಸರು ಬಿಬಿಸಿ. ಯುದ್ಧ ಶುರುವಾದ ಮೊದಲ ದಿನಗಳಲ್ಲಿ ಅದರಲ್ಲಿ ಸುದ್ದಿ, ಸರ್ಕಾರದ ಪ್ರಕಟಣೆ ಬಿಟ್ಟರೆ ಹೆಚ್ಚಾಗಿ ಆರ್ಗನ್ ವಾದ್ಯವೇ ಬರುತ್ತಿತ್ತು. ಸ್ಯಾಂಡಿ ಮ್ಯಾಕ್‌ಫರ್ಸನ್ ಎಂಬುವರು ಒಬ್ಬರೇ ದಿನವೆಲ್ಲಾ ನುಡಿಸಿ ನುಡಿಸಿ ಸುಸ್ತಾದರಂತೆ. ಜನಕ್ಕೆ ಬೇಜಾರಾಯಿತು. ಬೇಜಾರಾದವರು ಏನು ಮಾಡುತ್ತಾರೆ? ಬೇರೆ ಸ್ಟೇಷನ್ ತಿರುಗಿಸುತ್ತಾರೆ. ಜರ್ಮನಿಯಿಂದ ವಿಲಿಯಂ ಜಾಯ್ಸ್ ಎಂಬಾತ ಇಂಗ್ಲಿಷಿನಲ್ಲೇ ಮಾತಾಡಿ, ನೀವು ಸೋಲುತ್ತೀರಿ ಅಂತ ಹೆದರಿಸುತ್ತಿದ್ದ. ಜನ ಅದನ್ನೂ ಕೇಳತೊಡಗಿದರು. ಆಗ ಬಿಬಿಸಿಯವರಿಗೆ ಒಂದು ವಿಷಯ ಚೆನ್ನಾಗಿ ಅರ್ಥ ಆಯಿತು. ಅದೇನಪ್ಪಾ ಅಂದರೆ, ನಮ್ಮ ಮನೆಯಲ್ಲಿ ಊಟ ರುಚಿಯಾಗಿಲ್ಲದಿದ್ದರೆ ಮಕ್ಕಳು ಪಕ್ಕದ ಮನೆಗೆ ಹೋಗುತ್ತಾರೆ! 1940ರ ಜನವರಿಯಲ್ಲಿ ಸೈನಿಕರಿಗಾಗಿಯೇ ಹಾಡು, ಹಾಸ್ಯ ತುಂಬಿದ ಬೇರೆ ಪ್ರಸಾರ ಶುರುಮಾಡಿದರು. ಅದನ್ನು ಮನೆಯವರೂ ಕೇಳುತ್ತಿದ್ದರು.

ಅಲ್ಲಿನ ಒಂದು ದಿನ ಹೇಗಿತ್ತು ನೋಡೋಣ.

ಬೆಳಿಗ್ಗೆ ಸುದ್ದಿ. ಆಮೇಲೆ 8.15ಕ್ಕೆ ಅಡುಗೆ ಮಾತು. ಸಕ್ಕರೆ, ಬೆಣ್ಣೆ ಎಲ್ಲಾ ರೇಷನ್ ಆಗಿತ್ತು. ಸೊಸೈಟಿಯಲ್ಲಿ ಅಳೆದು ಕೊಡುವ ಹಾಗೆ. ಇರುವ ಆಲೂಗೆಡ್ಡೆ, ಕ್ಯಾರೆಟ್‌ನಲ್ಲೇ ಏನು ಮಾಡಬಹುದು ಅಂತ ಐದು ನಿಮಿಷ ಹೇಳುತ್ತಿದ್ದರು.

10.30ಕ್ಕೆ ಮತ್ತು ಮಧ್ಯಾಹ್ನ 3 ಗಂಟೆಗೆ ಕಾರ್ಖಾನೆಯವರಿಗಾಗಿ ಅರ್ಧ ಗಂಟೆ ಸಂಗೀತ. ಇದು 1940ರ ಜೂನ್‌ನಲ್ಲಿ ಶುರುವಾಯಿತು. ಕಾರ್ಖಾನೆಗಳಲ್ಲಿ ಲೌಡ್‌ಸ್ಪೀಕರ್ ಹಾಕಿ ಕೇಳಿಸುತ್ತಿದ್ದರು. ಹಾಡಿನಿಂದ ಕೆಲಸದ ಆಯಾಸ ಗೊತ್ತಾಗುವುದಿಲ್ಲ ಅಂತ. ನಮ್ಮ ಕಡೆ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿ ಬೀಸುವಾಗ ಪದ ಹೇಳುತ್ತಿದ್ದವರು ಅವರು. ಈಗಲೂ ಹುಣಸೆಹಣ್ಣು ಬಡಿದು ಬೀಜ ತೆಗೆಯುವಾಗ, ಕಡ್ಲೆಕಾಯಿ ಬಿಡಿಸುವಾಗ ಪಕ್ಕದಲ್ಲಿ ಒಂದು ಹಾಡು ಇದ್ದರೆ ಕೈ ಓಡುತ್ತೆ. ಆದರೆ ಬಿಬಿಸಿಯವರು ಹಾಡು ಆರಿಸಲು ನಿಯಮ ಮಾಡಿದ್ದರು. ತೂಕಡಿಕೆ ಬರಿಸುವ ನಿಧಾನದ ಹಾಡು ಬೇಡ. ನಡುನಡುವೆ ಚಪ್ಪಾಳೆ ತಟ್ಟಿಸುವ ಒಂದು ಹಾಡನ್ನೂ ಬೇಡ ಅಂದರಂತೆ. ಯಾಕೆ ಗೊತ್ತಾ? ಮಿಷನ್ ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದರೆ ಕೆಲಸದ ಗತಿ ಏನು!

ಮಧ್ಯಾಹ್ನ ಊಟದ ಹೊತ್ತಿಗೆ ಕಲಾವಿದರು ಕಾರ್ಖಾನೆಯ ಊಟದ ಮನೆಗೇ ಹೋಗಿ ಹಾಡಿ ನಗಿಸುವ ಕಾರ್ಯಕ್ರಮ 1941ರಿಂದ ಬಂತು. ಸಾಯಂಕಾಲದ ಹಾಸ್ಯದಲ್ಲಿ ಟಾಮಿ ಹ್ಯಾಂಡ್ಲಿ ಎಂಬುವರು ಬಹಳ ಹೆಸರುವಾಸಿ. ಅವರು ಸರ್ಕಾರಿ ಕಚೇರಿಗಳ ಕಾನೂನು ಕಟ್ಟಳೆಯನ್ನೇ ಗೇಲಿ ಮಾಡುತ್ತಿದ್ದರು. ಯುದ್ಧದ ಕಾಲದಲ್ಲೂ ಜನ ತಮ್ಮ ಸರ್ಕಾರವನ್ನು ನೋಡಿ ನಗಬಹುದಾಗಿತ್ತು ಅನ್ನೋದು ನನಗೆ ಆಶ್ಚರ್ಯ ಆಯಿತು.

ರಾತ್ರಿ 9 ಗಂಟೆಗೆ ಮುಖ್ಯ ಸುದ್ದಿ. 1940ರ ಅಕ್ಟೋಬರ್ 15ರಂದು ಬಿಬಿಸಿ ಕಟ್ಟಡಕ್ಕೇ ಬಾಂಬು ಬಿತ್ತು. ಏಳು ಜನ ಸಿಬ್ಬಂದಿ ತೀರಿಕೊಂಡರು. ಸುದ್ದಿ ಓದುತ್ತಿದ್ದ ಬ್ರೂಸ್ ಬೆಲ್‌ಫ್ರೇಜ್ ಒಂದು ಕ್ಷಣ ನಿಲ್ಲಿಸಿ, ಮತ್ತೆ ಓದಿ ಮುಗಿಸಿದರು. ಅದೇ ವರ್ಷದಿಂದ ವಾರ್ತೆ ಓದುವವರು ತಮ್ಮ ಹೆಸರನ್ನೂ ಹೇಳತೊಡಗಿದ್ದರು. ಶತ್ರುಗಳು ಸ್ಟೇಷನ್ ಹಿಡಿದು ಸುಳ್ಳು ಸುದ್ದಿ ಓದಿದರೆ, ಇದು ನಮ್ಮವರ ದನಿ ಅಲ್ಲ ಅಂತ ಜನಕ್ಕೆ ಗೊತ್ತಾಗಲಿ ಅಂತ.

1941ರ ನವೆಂಬರ್‌ನಿಂದ ವೆರಾ ಲಿನ್ ಎಂಬ ಗಾಯಕಿಯ ಕಾರ್ಯಕ್ರಮ ಭಾನುವಾರ ರಾತ್ರಿ ಬರುತ್ತಿತ್ತು. ಅವರು ಕೊಳಾಯಿ ಕೆಲಸ ಮಾಡುವವರ ಮಗಳು. ದೂರದಲ್ಲಿರುವ ಸೈನಿಕರಿಗೆ ಮನೆಯವರ ಸಮಾಚಾರ ಹೇಳಿ, ಹಾಡು ಹಾಡುತ್ತಿದ್ದರು. ನಿಮಗೆ ಮಗು ಹುಟ್ಟಿದೆ ಅನ್ನುವ ಸುದ್ದಿಯೂ ಅದರಲ್ಲಿ ಬರುತ್ತಿತ್ತು. ಇಂಥ ಹಾಡು ಕೇಳಿದರೆ ಸೈನಿಕರ ಮನಸ್ಸು ಮೆತ್ತಗಾಗುತ್ತೆ ಅಂತ ಕೆಲವು ದೊಡ್ಡವರು ಆಕ್ಷೇಪಣೆ ಮಾಡಿದರು. ಆದರೆ ಸೈನಿಕರಿಗೆ ಬೇಕಾಗಿದ್ದದ್ದು ಅದೇ. 1944ರಲ್ಲಿ ಆಕೆ ಬರ್ಮಾದ ಕಾಡಿಗೇ ಹೋಗಿ ಹಾಡಿದರು. ಅಲ್ಲಿ ಹೋರಾಡುತ್ತಿದ್ದ ಸೈನ್ಯದಲ್ಲಿ ನಮ್ಮ ಭಾರತದವರೇ ಹೆಚ್ಚು. ವೆರಾ ಲಿನ್ 2020ರಲ್ಲಿ 103 ವರ್ಷಕ್ಕೆ ತೀರಿಕೊಂಡರು.

ಆಗ ನಮ್ಮ ಕಡೆ ರೇಡಿಯೋ ಇತ್ತಾ? ಇತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಕೇಂದ್ರ ಶುರುಮಾಡಿದರು. ಮನೆಯ ಹೆಸರು ವಿಠ್ಠಲ ವಿಹಾರ. ಮೊದಲಿದ್ದ ಯಂತ್ರದ ಶಕ್ತಿ ಬರೀ 30 ವಾಟ್, ಒಂದು ಸಣ್ಣ ಬಲ್ಬಿನಷ್ಟು! ಆಮೇಲೆ 250 ವಾಟ್ ಆಯಿತು. ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. 1950ರ ದಶಕದಲ್ಲಿ ಅದೇ ಹೆಸರು ಇಡೀ ದೇಶದ ರೇಡಿಯೋಗೆ ಬಂತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಬೆಳಗಿನ ಜಾವ ಆಕಾಶವಾಣಿ ಶುರುವಾಗುವಾಗ ಬರುವ ರಾಗ ನಿಮ್ಮ ತಾತಂದಿರಿಗೆ ಗೊತ್ತೇ ಇರುತ್ತೆ. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಅಂತ ಹೇಳುತ್ತಾರೆ. ಅವರು ಯಹೂದಿ. ಹಿಟ್ಲರನ ಕಾಟದಿಂದ ಯುರೋಪು ಬಿಟ್ಟು 1934ರಲ್ಲಿ ಬೊಂಬಾಯಿಗೆ ಬಂದವರು.

ಯುದ್ಧದ ನಡುವೆಯೇ ನಮ್ಮ ಸ್ವಾತಂತ್ರ್ಯ ಹೋರಾಟವೂ ನಡೆದಿತ್ತು. 1942ರಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಜೊತೆಗಾರರು ಬೊಂಬಾಯಿಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರಿಗೆ ಸಿಗಬಾರದು ಅಂತ ಜಾಗ ಬದಲಾಯಿಸುತ್ತಾ ಇದ್ದರು. ನವೆಂಬರ್‌ನಲ್ಲಿ ಸಿಕ್ಕಿಬಿದ್ದರು. ಸರ್ಕಾರದ ರೇಡಿಯೋ ಮುಚ್ಚಿಟ್ಟ ಸುದ್ದಿಯನ್ನು ಅವರು ಹೇಳುತ್ತಿದ್ದರು.

ಇದನ್ನೆಲ್ಲಾ ನಾನು ತಿಳಿದುಕೊಳ್ಳಲು ಹೊರಟದ್ದಕ್ಕೆ ಒಂದು ಕಾರಣ ಇದೆ. ನಮ್ಮ ಸೋದರಮಾವ ಸೈನ್ಯದಲ್ಲಿದ್ದಾರೆ. 2025ರ ಮೇ 7ರಿಂದ 10ರವರೆಗೆ ಗಡಿಯಲ್ಲಿ ಕಾಳಗ ನಡೆದಾಗ ಅವರ ಫೋನು ಸಿಗಲಿಲ್ಲ. ಅತ್ತೆ ಊಟ ಬಿಟ್ಟರು. ಮೊಬೈಲಿನಲ್ಲಿ ನಿಮಿಷಕ್ಕೊಂದು ಸುದ್ದಿ. ಒಂದರಲ್ಲಿ ಗೆದ್ದೆವು, ಇನ್ನೊಂದರಲ್ಲಿ ಬಾಂಬು ಬಿತ್ತು. ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತಾಗದೆ ಅತ್ತೆ ನಡುಗುತ್ತಿದ್ದರು. ಕೊನೆಗೆ ಅಜ್ಜಿ, "ಏ ಅದನ್ನ ಆರಿಸ್ರೋ, ಹೊತ್ತಿಗೆ ಒಂದು ಸಲ ವಾರ್ತೆ ಕೇಳಿದ್ರೆ ಸಾಕು" ಅಂದು, ಅತ್ತೆಯನ್ನು ಕಡ್ಲೆಕಾಯಿ ಬಿಡಿಸೋಕೆ ಕೂರಿಸಿಕೊಂಡು, ತಾನೇ ಒಂದು ಪದ ಹೇಳಿದರು. ಆವತ್ತು ಅತ್ತೆ ಎರಡು ತುತ್ತು ಉಂಡರು. ಮಾವ ಆಮೇಲೆ ಫೋನು ಮಾಡಿದರು, ಚೆನ್ನಾಗಿದ್ದಾರೆ.

ಈಗ ಮೇಲಿನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಯುದ್ಧದ ಕಾಲದ ರೇಡಿಯೋ ಎರಡು ಕೆಲಸ ಮಾಡಿತು. ಒಂದು, ಗೊತ್ತಾದ ಹೊತ್ತಿಗೆ, ಗೊತ್ತಿರುವ ದನಿಯಲ್ಲಿ ಸುದ್ದಿ ಹೇಳಿತು. ಎರಡು, ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವೆ ಇರುವ ಉದ್ದನೆಯ ಹೊತ್ತನ್ನು ಕಳೆಯಲು ಹಾಡು ಕೊಟ್ಟಿತು. ಕಾಯುವವರಿಗೆ ಆ ನಡುವಿನ ಹೊತ್ತೇ ಬಹಳ ಕಷ್ಟ. ನಮ್ಮ ದೇಶದಲ್ಲೂ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಗಿ, ಜವಾನರಿಗಾಗಿ ಜಯಮಾಲಾ ಎಂಬ ಹಾಡಿನ ಕಾರ್ಯಕ್ರಮ ಬಂತು.

ಗೆಳೆಯರೇ, ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ 1965 ಮತ್ತು 1971ರ ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ತಾತ ಅಜ್ಜಿಯರು ಇನ್ನೂ ಇದ್ದಾರೆ. ಯಾರ ಮನೆಯಲ್ಲಿ ರೇಡಿಯೋ ಇತ್ತು, ಎಷ್ಟು ಜನ ಸೇರುತ್ತಿದ್ದರು, ವಾರ್ತೆ ಆದಮೇಲೆ ಯಾವ ಹಾಡು ಬರುತ್ತಿತ್ತು ಅಂತ ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಎಲ್ಲಾ ಸೇರಿಸಿ ಅಂಟಿಸೋಣ. ಅವರಿದ್ದಾಗಲೇ ಕೇಳಬೇಕು.

— 7ನೇ ತರಗತಿ