ಕೊನೆಯ ಕಂತು ಕೊಡುವ ಮುನ್ನ

ಗುಳಿಗೆಯ ತುದಿ ಕತ್ತರಿಸಿ, ಒಳಗಿನ ಎಣ್ಣೆಯನ್ನು ಮಗುವಿನ ಬಾಯಿಗೆ ಹನಿಸಬೇಕು. ಆರು ತಿಂಗಳಿಗೊಮ್ಮೆ, ಪ್ರತಿ ಸಲ ಎರಡು ಲಕ್ಷ ಯೂನಿಟ್ ವಿಟಮಿನ್ 'ಎ'. ಉತ್ತರ ಪ್ರದೇಶದ 72 ಬ್ಲಾಕ್‌ಗಳಲ್ಲಿ 1999ರಲ್ಲಿ ಶುರುವಾದ 'ದೇವ್ತಾ' ಪ್ರಯೋಗದ ಮುಖ್ಯ ಕೆಲಸ ಇದು. ಅರ್ಧದಷ್ಟು ಬ್ಲಾಕ್‌ಗಳ ಮಕ್ಕಳಿಗೆ ಹನಿ, ಉಳಿದವರಿಗೆ ಇಲ್ಲ. 8,338 ಅಂಗನವಾಡಿಗಳ ವ್ಯಾಪ್ತಿಯ ಸುಮಾರು ಹತ್ತು ಲಕ್ಷ ಮಕ್ಕಳು ಇದರೊಳಗಿದ್ದರು.

ವಿಟಮಿನ್ 'ಎ' ಕೊಟ್ಟರೆ ಮಕ್ಕಳ ಸಾವು ಶೇ 20ರಿಂದ 30ರಷ್ಟು ಇಳಿಯುತ್ತದೆಂದು ಹಿಂದಿನ ಅಧ್ಯಯನಗಳು ಹೇಳಿದ್ದವು. ಇಲ್ಲಿ ಇಳಿದದ್ದು ಶೇ 4 ಮಾತ್ರ. ಅದೂ ಆಕಸ್ಮಿಕವಿರಬಹುದಾದಷ್ಟು ಸಣ್ಣ ವ್ಯತ್ಯಾಸ.

ಪ್ರಯೋಗ ಮುಗಿದದ್ದು 2004ರಲ್ಲಿ. ಪೂರ್ಣ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು 2013ರಲ್ಲಿ. ಮೊದಲ ವರ್ಷ ಹನಿ ಕುಡಿದ ಐದರ ಮಗುವಿಗೆ ಆಗ ಹತ್ತೊಂಬತ್ತು ತುಂಬಿತ್ತು! ಪ್ರಯೋಗ ನಡೆದ ರೀತಿಯ ಬಗ್ಗೆ ವಿಜ್ಞಾನಿಗಳಲ್ಲಿ ತಕರಾರುಗಳಿವೆ. ಆದರೆ ಪೂರ್ಣ ಲೆಕ್ಕ ಮುಂದಿಟ್ಟುಕೊಂಡು ವಾದಿಸುವುದಕ್ಕೂ ಇಷ್ಟು ವರ್ಷ ಕಾಯಬೇಕಾಯಿತು.

ಹಣ ಯಾರದ್ದು? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಅಮೆರಿಕದ ಯುಎಸ್‌ಏಡ್ ಮತ್ತು ವಿಶ್ವಬ್ಯಾಂಕ್‌ನದ್ದು. ಫಲಿತಾಂಶ ಮುಚ್ಚಿಡುವ ಆರೋಪ ಬಂದಾಗಲೆಲ್ಲ ಬೆರಳು ಔಷಧ ಕಂಪನಿಗಳತ್ತ ತಿರುಗುತ್ತದೆ. ಸಾರ್ವಜನಿಕ ಹಣದ ಪ್ರಯೋಗಗಳೂ ಕಪಾಟಿನಲ್ಲಿ ಕೊಳೆಯುತ್ತವೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಇದಕ್ಕೆ ಮದ್ದಿದೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯ 'ಎಚ್‌ಟಿಎ' ಯೋಜನೆ ಅನುದಾನದ ಒಂದು ಭಾಗವನ್ನು ಅಂತಿಮ ವರದಿ ಕೈಸೇರುವವರೆಗೆ ತಡೆಹಿಡಿಯುತ್ತದೆ. ವರದಿ ಅಚ್ಚುಹಾಕಲು ತನ್ನದೇ ಪತ್ರಿಕೆಯನ್ನೂ ಇಟ್ಟುಕೊಂಡಿದೆ. ಅದು ಹಣ ಕೊಟ್ಟ ಅಧ್ಯಯನಗಳಲ್ಲಿ ಶೇ 98 ಪ್ರಕಟವಾಗಿವೆ ಎಂದು 2013ರ ಲೆಕ್ಕ ತೋರಿಸಿತು.

2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಹೇಳಿಕೆಗೆ ದೊಡ್ಡ ದೊಡ್ಡ ಅನುದಾನ ಸಂಸ್ಥೆಗಳು ಸಹಿ ಹಾಕಿದವು. ಅದರ ಪ್ರಕಾರ, ಪ್ರಯೋಗ ಮುಗಿದ 12 ತಿಂಗಳೊಳಗೆ ಫಲಿತಾಂಶ ನೋಂದಣಿ ತಾಣದಲ್ಲಿರಬೇಕು. ಹೊಸ ಅರ್ಜಿ ಬಂದಾಗ ಸಂಶೋಧಕರು ಹಳೆಯ ಪ್ರಯೋಗಗಳ ವರದಿ ಕೊಟ್ಟಿದ್ದಾರೆಯೇ ಎಂದು ನೋಡಬೇಕು. 'ದೇವ್ತಾ'ಕ್ಕೆ ಹಣ ಕೊಟ್ಟಿದ್ದ ಬ್ರಿಟನ್ನಿನ ಮಂಡಳಿಯ ಜೊತೆಗೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಸಹಿ ಹಾಕಿದೆ. 2007ರಿಂದ ದೇಶದ ಪ್ರಯೋಗಗಳನ್ನು ದಾಖಲಿಸುತ್ತಿರುವ 'ಸಿಟಿಆರ್‌ಐ' ನೋಂದಣಿ ನಡೆಯುತ್ತಿರುವುದೂ ಐಸಿಎಂಆರ್ ಆಶ್ರಯದಲ್ಲೇ.

ಅಂದರೆ ಹಣದ ಚೀಲವೂ ಲೆಕ್ಕದ ಪುಸ್ತಕವೂ ಒಂದೇ ಮನೆಯಲ್ಲಿವೆ. ಫಲಿತಾಂಶ ಆ ಪುಸ್ತಕಕ್ಕೆ ಏರುವವರೆಗೆ ಐಸಿಎಂಆರ್ ಕೊನೆಯ ಕಂತನ್ನು ಬಿಡಬಾರದು. ಪ್ರಯೋಗಕ್ಕೆ ಕರೆ ಬಂದ ಓದುಗರೂ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಲಿ: ಸಿಟಿಆರ್‌ಐ ಸಂಖ್ಯೆ ಎಷ್ಟು? ಫಲಿತಾಂಶ ನಮಗೆ ಯಾವಾಗ ಸಿಗುತ್ತದೆ?