ಕೆರೆಯ ಹಕ್ಕಿ, ಹಿತ್ತಲ ಕೋಳಿ, ಕೊಟ್ಟಿಗೆಯ ಆಕಳು



ಚಳಿಗಾಲದಲ್ಲಿ ತಂಬ್ರಹಳ್ಳಿ ಕಡೆಯ ಸಂಘಗಳಿಗೆ ಬಂದಾಗ ನೀವು ಕೇಳುವ ಪ್ರಶ್ನೆ ಒಂದುಂಟು: "ಡಾಕ್ಟ್ರೇ, ಅಂಕಸಮುದ್ರದ ಕೆರೆಗೆ ಇಷ್ಟು ಹಕ್ಕಿ ಬಂದಾವಲ್ಲ, ನಮ್ಮ ಕೋಳಿಗೆ, ಎಮ್ಮೆಗೆ ರೋಗ ತರ್ತಾವೇನ್ರಿ?"

ಕೇಳಬೇಕಾದ ಪ್ರಶ್ನೆಯೇ. ಹಕ್ಕಿಜ್ವರದ ವೈರಾಣುಗಳ ಮೂಲ ನೆಲೆ ನೀರುಹಕ್ಕಿಗಳು. ಬಾತುಗಳ ಕರುಳಿನಲ್ಲಿ ಅವು ಇದ್ದರೂ ಎಷ್ಟೋ ಸಲ ಬಾತು ಆರೋಗ್ಯವಾಗಿಯೇ ಕಾಣುತ್ತದೆ. ಹಿಕ್ಕೆಯ ಮೂಲಕ ವೈರಾಣು ನೀರಿಗೆ ಸೇರುತ್ತದೆ. ತಣ್ಣನೆಯ ನೀರಿನಲ್ಲಿ ಹಲವು ದಿನ ಉಳಿಯುತ್ತದೆ. ಅದೇ ನೀರು ಕುಡಿದ ಇನ್ನೊಂದು ಹಕ್ಕಿಗೆ ಅಂಟುತ್ತದೆ. ಚಳಿಗಾಲದಲ್ಲಿ ಹಿಂಡು ಹಿಂಡಾಗಿ ಒಂದೇ ಕಡೆ ಇಳಿಯುವುದರಿಂದ ಹರಡುವುದು ಸುಲಭ.

ಆದರೆ ಎಲ್ಲ ತಪ್ಪನ್ನೂ ಹಕ್ಕಿಯ ಮೇಲೆ ಹಾಕಬೇಡಿ. ಎಚ್5ಎನ್1 ಎಂಬ ಮಾರಕ ತಳಿ ಬಲಿತದ್ದು ಸಾಕಿದ ಕೋಳಿ, ಬಾತುಗಳಲ್ಲಿ. ಅಲ್ಲಿಂದ ಅದು ಕಾಡುಹಕ್ಕಿಗೆ ಹತ್ತಿತು. 2005ರಲ್ಲಿ ಚೀನಾದ ಚಿಂಗ್ಹೈ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. ನಮ್ಮ ತುಂಗಭದ್ರಾ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಜಾತಿಯೇ ಅದು.

ರೋಗ ನಮಗೆ ದೂರದ್ದಲ್ಲ. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ, 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಕೋಳಿಗಳಿಗೆ ಬಂದಿತ್ತು.

ಇನ್ನು ದನಗಳ ಮಾತು. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಇದೇ ರೋಗ ಪತ್ತೆಯಾಯಿತು. ಹಾಲು ಇಳಿಯಿತು, ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿತು. ವೈರಾಣು ಕೆಚ್ಚಲಲ್ಲೇ ಬೆಳೆದು, ಹಾಲು ಕರೆಯುವ ಸಲಕರಣೆಗಳ ಮೂಲಕ ಹಸುವಿನಿಂದ ಹಸುವಿಗೆ ಹೋಯಿತು. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ನಮ್ಮ ದನಗಳಲ್ಲಿ ಇಂಥ ವರದಿ ಇಲ್ಲ; ಹೆದರಬೇಡಿ. ಹಾಲನ್ನು ಕುದಿಸಿದರೆ ವೈರಾಣು ಸಾಯುತ್ತದೆ.

ಕೆರೆಗೂ ಕೊಟ್ಟಿಗೆಗೂ ನಡುವೆ ಇರುವುದು ನಮ್ಮ ಜವಾರಿ ಕೋಳಿ ಮತ್ತು ನಮ್ಮ ಕಾಲು. ಅದಕ್ಕೇ ಈ ಎಚ್ಚರಿಕೆ:

• ಕೋಳಿಗಳನ್ನು ಕೆರೆಯಂಚಿಗೆ ಬಿಡಬೇಡಿ. ಗೋದಲಿಯಲ್ಲಿ, ದನದ ನೀರಿನ ತೊಟ್ಟಿಯ ಮೇಲೆ ಕೂರದಂತೆ ಬೇರೆ ಗೂಡು ಮಾಡಿ.
• ಕೆರೆಗೆ ಹೋಗಿ ಬಂದ ಚಪ್ಪಲಿಯನ್ನು ಕೊಟ್ಟಿಗೆಯ ಹೊರಗೆ ಬಿಡಿ. ಕರೆಯುವ ಮುಂಚೆ ಕೈಯನ್ನು ಸೋಪು ಹಚ್ಚಿ ತೊಳೆಯಿರಿ.
• ಸತ್ತ ಹಕ್ಕಿಯನ್ನು ಮುಟ್ಟಬೇಡಿ, ನಾಯಿಗೂ ಹಾಕಬೇಡಿ.
• ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ, ಜುಟ್ಟು ನೀಲಿಗಟ್ಟಿದರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

"ಹೇಳಿದರೆ ಇದ್ದ ಕೋಳಿಯನ್ನೂ ಕೊಲ್ಲುತ್ತಾರೆ" ಎಂದು ಮುಚ್ಚಿಡುವವರಿದ್ದಾರೆ. ಕೋಳಿ ದುಡ್ಡಿನಿಂದಲೇ ಮಕ್ಕಳ ಪುಸ್ತಕ, ಸಂತೆಯ ಖರ್ಚು ನಡೆಯುವುದು ನನಗೆ ಗೊತ್ತು. ಆದರೆ ಪರಿಹಾರ ಸಿಗುವುದು ಇಲಾಖೆ ನಾಶಪಡಿಸಿದ ಕೋಳಿಗೆ, ತಾನಾಗಿ ಸತ್ತ ಕೋಳಿಗಲ್ಲ. ತಡ ಮಾಡಿದಷ್ಟೂ ನಷ್ಟ ನಿಮಗೇ, ಪಕ್ಕದ ಮನೆಗೂ.

ಅಂಕಸಮುದ್ರ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ. ಹಕ್ಕಿಗಳನ್ನು ಓಡಿಸಿದರೆ ರೋಗ ನಿಲ್ಲುವುದಿಲ್ಲ, ಇನ್ನೊಂದು ಕೆರೆಗೆ ಹೋಗುತ್ತದೆ ಅಷ್ಟೆ. ಅವು ಅಲ್ಲಿರಲಿ, ನಮ್ಮ ಕೋಳಿ ಇಲ್ಲಿರಲಿ.