ಗಟಾರದಿಂದ ದೊಡ್ಡಿಗೆ

ಗದಗ-ಬೆಟಗೇರಿಯ ಹಳೆ ಓಣಿಗಳಲ್ಲಿ ಹಂದಿ ಸಾಕುವುದೆಂದರೆ ಹಂದಿಯನ್ನು ಹೊರಗೆ ಬಿಡುವುದೇ ಆಗಿತ್ತು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಮುಗಿಯಿತು. ಗಟಾರ, ತಿಪ್ಪೆ, ಸಂತೆ ಎದ್ದ ಬಯಲು, ಖಾನಾವಳಿಯ ಮುಸುರೆ ಎಲ್ಲ ಸುತ್ತಿ ಸಂಜೆಗೆ ತಾನೇ ಮನೆಗೆ ಬರುತ್ತಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಹಾಗೆಯೇ. ಹಂದಿಜೋಗಿ, ಕೊರಮ, ಕೊರಚರ ಹೊಲವಿಲ್ಲದ ಮನೆಗಳಿಗೆ ಈ ಕರಿ ಹಂದಿಯೇ ಇಡುಗಂಟು. ಮದುವೆ ಬಂತು, ಆಸ್ಪತ್ರೆ ಬಂತು ಅಂದರೆ ಒಂದನ್ನು ಮಾರುತ್ತಿದ್ದರು.

ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ. ಅದನ್ನಾಳಿದ ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಅದೇ ನೆಲದಲ್ಲಿ ಹಂದಿ ಎಂಬುದು ಬೈಗುಳವಾಯಿತು, ಸಾಕಿದವರೂ ಊರಂಚಿಗೆ ಸರಿದರು. ಇದು ನನಗೆ ಸಹಿಸಲಾಗದ ಸಂಗತಿ.

ಬೀದಿಯ ಸಾಕಣೆ ಮುಂದುವರಿಯಬೇಕೆಂದು ನಾನು ಹೇಳುತ್ತಿಲ್ಲ. ಮಲ ತಿಂದ ಹಂದಿಯಿಂದ ಲಾಡಿಹುಳು ಮನುಷ್ಯರಿಗೆ ಬರುತ್ತದೆ, ಅದರ ಮರಿ ಮಿದುಳು ಸೇರಿದರೆ ಮೂರ್ಛೆರೋಗ. ಜಪಾನೀಸ್ ಮಿದುಳುಜ್ವರದ ವೈರಾಣು ಹಂದಿಯ ಮೈಯಲ್ಲಿ ಹೆಚ್ಚಿ, ಸೊಳ್ಳೆಯ ಮೂಲಕ ಮಕ್ಕಳನ್ನು ಮುಟ್ಟುತ್ತದೆ. ಹಂದಿ ದೊಡ್ಡಿಯೊಳಗೆ ಬರಲೇಬೇಕು.

ಬಂದರೆ ಲಾಭವೂ ಉಂಟು. ಬಿಳಿ ಯಾರ್ಕ್‌ಶೈರ್ ತಳಿ ಗಬ್ಬ ಕಟ್ಟಿದ 114 ದಿನಕ್ಕೆ ಈಯುತ್ತದೆ, ಸೂಲಿಗೆ ಎಂಟರಿಂದ ಹನ್ನೆರಡು ಮರಿ. ಆದರೆ ಕಟ್ಟಿ ಸಾಕಿದರೆ ಖರ್ಚಿನ ಬಹುಪಾಲು ತಿನಿಸಿಗೇ ಹೋಗುತ್ತದೆ. ನಮ್ಮ ಜಿಲ್ಲೆಯ ಗೋವಿನಜೋಳ ಅದಕ್ಕೆ ಒದಗೀತು. ಇಲ್ಲಿ ಹಂದಿಮಾಂಸ ತಿನ್ನುವವರು ಕಡಿಮೆ. ಮಾರುಕಟ್ಟೆ ಇರುವುದು ಗೋವಾ, ಕೊಡಗು, ಬೆಂಗಳೂರಿನಲ್ಲಿ.

ದೊಡ್ಡ ಭಯವೆಂದರೆ ಆಫ್ರಿಕನ್ ಹಂದಿಜ್ವರ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡು, 2022ರಲ್ಲಿ ಕೊಡಗಿಗೆ ಅಂಟಿಕೊಂಡ ವಯನಾಡಿಗೂ ಬಂತು. ಮನುಷ್ಯರಿಗೆ ತಗಲದು, ಹಂದಿಗೆ ಮದ್ದಿಲ್ಲ. ರೋಗ ಬಿದ್ದಲ್ಲಿ ಇಡೀ ಹಿಂಡನ್ನೇ ಕೊಲ್ಲಬೇಕು. ಸೋಂಕಿದ ಮಾಂಸದ ಚೂರು ಮುಸುರೆಯಲ್ಲಿದ್ದರೂ ಸಾಕು, ರೋಗ ದಾಟುತ್ತದೆ. ಬಡವರ ಹಂದಿಗೆ ಮುಸುರೆಯೇ ಊಟ. ಅದನ್ನು ಚೆನ್ನಾಗಿ ಕುದಿಸಿ ಹಾಕಿರೆಂದು ಅವರ ಓಣಿಗೆ ಹೋಗಿ ಹೇಳುವವರು ಬೇಕು. ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

ದೇಶದಲ್ಲಿ 2012ರಲ್ಲಿ 1.03 ಕೋಟಿ ಇದ್ದ ಹಂದಿಗಳು 2019ರ ಜಾನುವಾರು ಗಣತಿಗೆ 90.6 ಲಕ್ಷಕ್ಕೆ ಇಳಿದವು. ಉದ್ಯಮ ಬೆಳೆಸಲು ರಾಷ್ಟ್ರೀಯ ಜಾನುವಾರು ಮಿಷನ್ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ಅರ್ಧದಷ್ಟು, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಉಳಿದರ್ಧವನ್ನು ಕೈಯಿಂದಲೋ ಬ್ಯಾಂಕಿನಿಂದಲೋ ಹೊಂದಿಸಬೇಕು, ಜಾಗವೂ ಬೇಕು. ಇಡುಗಂಟೇ ಹಂದಿಯಾಗಿರುವ ಮನೆ ಅಲ್ಲಿಗೆ ಹೇಗೆ ಮುಟ್ಟೀತು? ಮನೆಗೆ ಐದು ಹಂದಿಯ ಲೆಕ್ಕದಲ್ಲಿ, ಹತ್ತು ಮನೆ ಕೂಡಿ ಕಟ್ಟುವ ದೊಡ್ಡಿಗೆ ಊರಾಚೆ ಜಾಗ, ನೀರು ಕೊಟ್ಟರೆ ಕೆಲಸ ಶುರುವಾದೀತು.

ಕಸುಬು ಅವರಿಗೆ ಗೊತ್ತೇ ಇದೆ. ಗಬ್ಬದ ಹಂದಿ ಬಾಯಲ್ಲಿ ಹುಲ್ಲು, ಹರಕು ಬಟ್ಟೆ ಕಚ್ಚಿ ತಂದು ಮೂಲೆಯಲ್ಲಿ ಹಾಸತೊಡಗಿದರೆ, ಇವತ್ತು ರಾತ್ರಿ ನಿದ್ದೆಯಿಲ್ಲವೆಂದು ಆ ಮನೆಯ ಹೆಣ್ಣುಮಕ್ಕಳು ನೀರು ಕಾಯಿಸಲು ಇಡುತ್ತಾರೆ.